ಪರಗಂಡಸಿನ ಹಲ್ಲು

ನನ್ನ ನೆಗೆಣ್ಣಿಗೆ ಅರವತ್ತು ದಾಟಿದ ಮೇಲೆ ಪರಗಂಡಸಿನ ಹಲ್ಲಿನ ಚಿಂತೆ ಹತ್ತಿತು. ಚಿಂತೆ ಮಾಡಲೇಬೇಕೆಂದರೆ ಅವಳದೇ ಬಾಯಲ್ಲಿ ಹಾಳಾದ ಹಲ್ಲುಗಳು ಬೇಕಾದಷ್ಟಿದ್ದವು. ಅವು ಬಿದ್ದರೆ ಬೀಳಲಿ ಎಂದು ಬಿಟ್ಟಿದ್ದಳು. ಆದರೆ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಮಾಸ್ತರನ ಮುಂದಿನ ಹಲ್ಲು ಅಲ್ಲಾಡುತ್ತಿವೆ ಎಂದು ಗೊತ್ತಾದ ದಿನ ತಾಟು ಮುಂದಿಟ್ಟುಕೊಂಡು ಉಣ್ಣದೇ ಕುಳಿತಳು. ಈಗ ನೀವೇ ಹೇಳಿ, ನಾನು ಸಂಶಯಪಟ್ಟದ್ದು ತಪ್ಪೇ?

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಮನೆಯಲ್ಲಿ ಅವಳನ್ನು ಸಣ್ಣಾಕಿ ಎನ್ನುತ್ತೇವೆ. ಮದುವೆಯಾಗಿ ಬಂದಾಗ ಸಣ್ಣಗೇ ಇದ್ದಳು. ಈಗ ಬಾಗಿಲಿನ ಎರಡೂ ಕದ ತೆರೆದರೆ ಮಾತ್ರ ಒಳಗೆ ಬರುತ್ತಾಳೆ, ಹೆಸರು ಮಾತ್ರ ಹಾಗೇ ಉಳಿದಿದೆ. ನಮ್ಮಿಬ್ಬರ ಗಂಡಂದಿರೂ ತೀರಿಹೋದ ಮೇಲೆ ಯಾದಗಿರಿಯ ಮನೆಯಲ್ಲಿ ನಮ್ಮದು ಒಂದೇ ಒಲೆ. ಆ ಒಲೆಯ ಮೇಲೆ ರೊಟ್ಟಿ ಹೊತ್ತಿತೆಂದರೆ ಊರಲ್ಲಿ ಎಲ್ಲೋ ಬ್ಯಾಂಡು ಬಾರಿಸುತ್ತಿದ್ದಾರೆ ಎಂದೇ ತಿಳಿಯಬೇಕು. ಸಪ್ಪಳ ಕಿವಿಗೆ ಬಿದ್ದರೆ ಸಾಕು, ರೊಟ್ಟಿ ಹಂಚಿನ ಮೇಲೆ, ಇವಳು ಬೀದಿಯಲ್ಲಿ. ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆದಿರುವುದಿಲ್ಲ.

ಯಾರ ಮದುವೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾಳೆ. ಮದುಮಗಳು ಹೇಗಿದ್ದಳು ಎಂದರೆ ನೋಡಿಲ್ಲ ಎನ್ನುತ್ತಾಳೆ. ಮದುಮಗಳಿಗೆ ಬೆನ್ನು ಕೊಟ್ಟು ಬ್ಯಾಂಡಿನವರ ಕಡೆ ಮುಖ ಮಾಡಿ ನಿಲ್ಲುವ ಹೆಂಗಸನ್ನು ನೀವೆಲ್ಲಾದರೂ ಕಂಡಿದ್ದೀರಾ? ಸೀರೆಯ ಅಂಚು ನೋಡದೆ, ಕೊರಳಲ್ಲಿ ಬಂಗಾರ ಎಷ್ಟಿತ್ತು ಎಂದು ಅಂದಾಜು ಮಾಡದೆ ಮದುವೆಯಿಂದ ಮನೆಗೆ ಬರುವವಳನ್ನು ನಂಬುವುದಾದರೂ ಹೇಗೆ? ಅದರಲ್ಲೂ ಎಲ್ಲ ಬ್ಯಾಂಡಿಗೂ ಹೀಗಲ್ಲ. ಬೇರೆ ಊರಿನವರು ಬಾರಿಸಿದರೆ ಇವಳು ಆರಾಮಾಗಿ ರೊಟ್ಟಿ ತಿರುವಿ ಹಾಕುತ್ತಾಳೆ. ಸುರಪುರದ ಆ ಒಂದು ಬ್ಯಾಂಡು, ಅದರಲ್ಲಿ ಆ ಒಬ್ಬ ಮಾಸ್ತರ. ನನ್ನ ಸಂಶಯ ಶುರುವಾದದ್ದೇ ಇಲ್ಲಿಂದ.

ಮಾಸ್ತರನ ಮುಂದಿನ ಹಲ್ಲಿನ ಸುದ್ದಿಯನ್ನು ಸಣ್ಣಾಕಿ ತಂದದ್ದು ಶುಕ್ರವಾರ.

"ಯಕ್ಕಾ, ಸೋಮವಾರ ಮಾಸ್ತರನ ಹಲ್ಲು ಕೀಳತಾರಂತ."

"ಕಿತ್ತರ ಕೀಳಲಿ. ನಿಂಗೇನಾತು?"

"ಮ್ಯಾಲಿನ ಹಲ್ಲಿನ ಆಸರಾ ಇದ್ರೇ ಪೀಪಿ ಬಾಯಾಗ ನಿಲ್ಲೋದು. ಹಲ್ಲು ಹೋದ್ರ ಊದೋದೂ ಹೋತು. ಈ ಶನಿವಾರ, ಐತವಾರ ಊದಿದ್ದೇ ಕಡೀದು."

"ಅವನ ಬಾಯಾಗಿನ ಸುದ್ದಿ ನಿನ್ನ ತನಕ ಹ್ಯಾಂಗ ಬಂತು?"

"ನಾನೇ ಕೇಳೀನಿ."

ನೋಡಿದಿರಾ? ನಾಚಿಕೆಯಾಗಲಿ, ಅಂಜಿಕೆಯಾಗಲಿ ಇಲ್ಲ. ಶನಿವಾರ ಯಾದಗಿರಿಯಲ್ಲಿ ಮದುವೆ, ಐತವಾರ ಮಧ್ಯಾಹ್ನ ಶಹಾಪುರದಲ್ಲಿ, ಸಂಜೆ ಸುರಪುರದಲ್ಲಿ ಹೆಣ್ಣು ಕಳಿಸುವ ಮೆರವಣಿಗೆ. ಮೂರಕ್ಕೂ ಹೋಗಿ ಫೋನಿನಲ್ಲಿ ಬಾಜಾ ಹಿಡಿದಿಟ್ಟುಕೊಳ್ಳುವುದು ಇವಳ ಆಲೋಚನೆ. ಯಾವ ಮದುವೆಗೂ ನಮಗೆ ಕರೆ ಇರಲಿಲ್ಲ.

"ನಾನೂ ಬರತೀನಿ" ಎಂದೆ.

"ನಿಂಗ ಬಾಜಾ ಅಂದ್ರ ತಲಿನೋವಲ್ಲ ಯಕ್ಕಾ?"

"ಮನಿ ಮರ್ಯಾದಿ ಹೋದ್ರ ಅದಕ್ಕಿಂತ ದೊಡ್ಡ ನೋವು. ನಡಿ."

ಅವಳ ಫೋನು ಇರುವುದು ಎಲೆ-ಅಡಿಕೆಯ ಚಂಚಿಯಲ್ಲಿ. ಅದರ ಗಾಜಿನ ಮೇಲೆ ಯಾವಾಗಲೂ ಸುಣ್ಣದ ಬೆರಳಚ್ಚು. ಕೆಂಪು ಚುಕ್ಕೆ ಒಮ್ಮೆ ಒತ್ತಿದರೆ ಸಪ್ಪಳ ಹಿಡಿಯುತ್ತದೆ, ಮತ್ತೊಮ್ಮೆ ಒತ್ತಿದರೆ ಬಿಡುತ್ತದೆ, ಇಷ್ಟೇ ವಿದ್ಯೆ. ಶನಿವಾರ ಹೊಸ್ತಿಲಲ್ಲಿ ನಿಂತು ಒಮ್ಮೆ ಒತ್ತಿ ನೋಡಿದಳು. "ಬರೋಬ್ಬರಿ ಅದ" ಎಂದು ಚಂಚಿಗೆ ಹಾಕಿ ದಾರ ಎಳೆದಳು.

ಯಾದಗಿರಿಯ ಮದುವೆ ಮಂಟಪದ ಬಾಗಿಲಲ್ಲಿ ಅಕ್ಷತೆ ಹಂಚುತ್ತಿದ್ದ ಹೆಂಗಸು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ನೀವು ಹೆಣ್ಣಿನ ಕಡ್ಯಾವ್ರೇನ್ರಿ, ಗಂಡಿನ ಕಡ್ಯಾವ್ರೇನ್ರಿ?" ಎಂದು ಕೇಳಿದಳು. ನಾನು ಯಾವುದೋ ಒಂದು ಕಡೆ ಹೇಳಿ ಒಳಗೆ ನುಸುಳುವವಳಿದ್ದೆ. ಅಷ್ಟರಲ್ಲಿ ಸಣ್ಣಾಕಿ ಎದೆ ಮುಂದೆ ಮಾಡಿ, "ನಾವು ಬಾಜಾದ ಕಡ್ಯಾವ್ರು" ಎಂದುಬಿಟ್ಟಳು.

ಅದರ ಫಲ ಊಟದ ಹೊತ್ತಿಗೆ ಗೊತ್ತಾಯಿತು. ಬಾಜಾದವರ ಪಂಕ್ತಿ ಎಲ್ಲರದೂ ಆದ ಮೇಲೆ. ನಾನು ಹಸಿದ ಹೊಟ್ಟೆಯಲ್ಲಿ ಪರರ ಮಕ್ಕಳು ಹುಗ್ಗಿ ಚೆಲ್ಲುವುದನ್ನು ನೋಡುತ್ತ ಕುಳಿತೆ. ನಮ್ಮ ಸರದಿ ಬಂದಾಗ ಬಡಿಸುವವನು ಪಾತ್ರೆಯ ತಳ ಕೆರೆಯುತ್ತಿದ್ದ. ಆ ಸಪ್ಪಳವನ್ನೂ ಫೋನಿನಾಗ ಹಿಡಕೋ ಎಂದು ಸಣ್ಣಾಕಿಗೆ ಹೇಳಿದೆ.

ಮಾಸ್ತರನನ್ನು ಹತ್ತಿರದಿಂದ ಕಂಡದ್ದು ಆ ಪಂಕ್ತಿಯಲ್ಲಿ. ನೋಡಲು ಏನಿಲ್ಲ. ಸಣಕಲು ಮನುಷ್ಯ, ಇನ್ನೊಬ್ಬನನ್ನೂ ಒಳಗೆ ಸೇರಿಸಬಹುದಾದಷ್ಟು ದೊಗಳೆ ಕೆಂಪು ಕೋಟು, ಒಂದು ಕಡೆ ಊದಿದ ಗಲ್ಲ. ಇಂಥವನಿಗಾಗಿ ನಮ್ಮ ರೊಟ್ಟಿಗಳು ಹೊತ್ತಿದವೇ ಎಂದು ಅವುಗಳ ಮೇಲೆಯೇ ಕನಿಕರ ಬಂತು. ಅಷ್ಟರಲ್ಲಿ ಸಣ್ಣಾಕಿ ಸೊಂಟದಿಂದ ಒಂದು ಕಾಗದದ ಪೊಟ್ಟಣ ತೆಗೆದು ಅವನ ಎಲೆಯ ಪಕ್ಕದಲ್ಲಿಟ್ಟಳು. ಲವಂಗ.

"ದವಡ್ಯಾಗ ಇಟ್ಕೊಂಡು ಊದು. ನಾಳಿ ತನಕ ಹ್ಯಾಂಗರ ತಡಕೋಬೇಕು."

"ಅಲ್ಲಾ ನಿಮ್ಮನ್ನ ಛಲೋ ಇಡಲಿ ಯಕ್ಕಾ" ಎಂದ ಅವನು.

ಅಕ್ಕ ಎಂದು ಕರೆದನಲ್ಲ, ಇನ್ನೇನು ಸಂಶಯ ಎನ್ನುತ್ತೀರಿ. ಆದರೆ ಹಿಂದೊಮ್ಮೆ ನನಗೆ ಹಲ್ಲುನೋವು ಬಂದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾಗ, "ಉಪ್ಪುನೀರು ಮುಕ್ಕಳಿಸು" ಎಂದು ಹೇಳಿ ಮಗ್ಗಲು ಬದಲಿಸಿದವಳು ಇದೇ ಸಣ್ಣಾಕಿ. ಅಂದು ಮನೆಯಲ್ಲಿ ಲವಂಗ ಇರಲಿಲ್ಲವೇ?

ಐತವಾರ ಶಹಾಪುರದ ಬಸ್ಸು ಹಿಡಿದೆವು. ಅಲ್ಲಿ ಗುಡ್ಡಗಳ ಸಾಲಿನಲ್ಲಿ ಮೂಡಿದ ಬುದ್ಧ ಎಂದಿನಂತೆ ಆರಾಮಾಗಿ ಮಲಗಿದ್ದ. ಅವನಿಗೆ ನೆಗೆಣ್ಣಿ ಇಲ್ಲ. ಮದುವೆ ಮನೆಯ ಮುಂದೆ ಒಂದು ಲಾರಿಯಷ್ಟು ದೊಡ್ಡ ಡಿಜೆ ನಿಂತಿತ್ತು. ಮಾಸ್ತರ ಕ್ಲಾರಿನೆಟ್ ಬಾಯಿಗಿಡುವುದಕ್ಕೂ ಆ ಯಂತ್ರ ಗುಡುಗುವುದಕ್ಕೂ ಸರಿಹೋಯಿತು. ನನ್ನ ಎದೆಯ ಗೂಡೇ ನಡುಗಿತು. ಹುಡುಗರು ಕುಣಿಯತೊಡಗಿದರು. ಬ್ಯಾಂಡಿನವರು ವಾದ್ಯಗಳನ್ನು ಕೆಳಗಿಳಿಸಿ ಗೋಡೆಯ ನೆರಳಿಗೆ ಸರಿದರು.

ಸಣ್ಣಾಕಿ ಸರಿಯಲಿಲ್ಲ. ಕುಣಿಯುವವರ ನಡುವೆಯೇ ಹಾದು ಡಿಜೆಯವನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಪ್ಪಾ, ನಿನ್ನ ಡಬ್ಬಿಗೆ ಹಲ್ಲುಬ್ಯಾನಿ ಅದೇನು?"

"ಏನ್ರಿ ಅಮ್ಮಾ?" ಎಂದು ಅವನು ಸಪ್ಪಳ ಕಡಿಮೆ ಮಾಡಿದ.

"ಹಲ್ಲುಬ್ಯಾನಿ ಅದೇನಂತ ಕೇಳೀನಿ."

"ಇಲ್ರಿ."

"ಹಂಗಾರ ಅದು ನಾಳಿಗೂ ಬಾರಿಸ್ತದ, ನಾಡದಿಗೂ ಬಾರಿಸ್ತದ. ಇವತ್ತೊಂದಿನ ಸುಮ್ಕ ಕುಂದರಸು."

ಡಿಜೆಯವನಿಗೆ ಏನು ತಿಳಿಯಿತೋ ಏನೋ, ತಲೆ ಕೆಟ್ಟ ಮುದುಕಿಯೊಡನೆ ಏಕೆ ಜಗಳ ಎಂದುಕೊಂಡನೋ, ಊಟಕ್ಕೆ ಹೋದ. ಬ್ಯಾಂಡು ಬಾರಿಸಿತು. ಸಣ್ಣಾಕಿ ಕೆಂಪು ಚುಕ್ಕೆ ಒತ್ತಿ, ಕ್ಲಾರಿನೆಟ್ಟಿನ ಬಾಯಿಗೆ ಫೋನು ಹಿಡಿದು ನಿಂತಳು. ಮುಗಿದ ಮೇಲೆ ಮತ್ತೊಮ್ಮೆ ಒತ್ತಿ ಚಂಚಿಗೆ ಹಾಕಿದಳು. ಊಟದ ಪಂಕ್ತಿ ನೋಡಿ ಬರಲು ಹೋಗುವಾಗ ಚಂಚಿಯನ್ನು ನನಗೆ ಕೊಟ್ಟಳು. ನಳದ ಹತ್ತಿರ ನಿಂತಿದ್ದ ಒಬ್ಬ ಹೆಂಗಸಿಗೆ ನನ್ನ ಮನಸ್ಸಿನ ಭಾರವನ್ನೆಲ್ಲ ಇಳಿಸಿದೆ. ಗುರುತಿಲ್ಲದವರಿಗೆ ಹೇಳಿದರೆ ಎಲ್ಲೂ ಹೋಗುವುದಿಲ್ಲ ಎಂದು ನನ್ನ ಲೆಕ್ಕ.

ಸಂಜೆ ಸುರಪುರದ ಏರುಬೀದಿಯಲ್ಲಿ ಮೆರವಣಿಗೆ. ಹಿಂದೆ ಮದುಮಕ್ಕಳ ಗಾಡಿ, ಅದರ ಮುಂದೆ ಬ್ಯಾಂಡು, ಬ್ಯಾಂಡಿನ ಮುಂದೆ ಸಣ್ಣಾಕಿ. ಮುಖ ಮಾಸ್ತರನ ಕಡೆಗಿರಬೇಕಲ್ಲ, ಆದ್ದರಿಂದ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿದ್ದಾಳೆ. ಅವಳ ಸೆರಗು ಹಿಡಿದು ನಾನು ದಾರಿ ತೋರಿಸಬೇಕು. "ಎಡಕ್ಕ ಸರಿ, ಸಗಣಿ ಅದ. ಬಲಕ್ಕ, ಗಟಾರ." ಕಟ್ಟೆಯ ಮೇಲೆ ಕುಳಿತವನೊಬ್ಬ, "ಏನವ್ವಾ, ಗಾಡಿ ರಿವರ್ಸ್ ತಗೊಳ್ಳಾಕತ್ತೀರೇನು?" ಎಂದು ಕೇಳಿದ. "ಹೌದಪಾ, ಬ್ರೇಕ್ ಇಲ್ಲ, ಕಾಲು ತಗಿ" ಎಂದೆ.

ಆಗ ಮಾಸ್ತರ ಒಂದು ನಿಧಾನದ ಧಾಟಿ ಎತ್ತಿಕೊಂಡ. ಹೆಣ್ಣು ಕಳಿಸುವಾಗ ಊದುವಂಥದು. ಡೋಲಿನವರು ಕೈ ಹಗುರ ಮಾಡಿದರು. ನನಗೆ ಬಾಜಾ ತಿಳಿಯುವುದಿಲ್ಲ, ಅದರ ಮಾತು ಬೇಡ. ಎಡ-ಬಲ ಹೇಳುವುದು ನಡುವೆ ಎಲ್ಲೋ ಮರೆತುಹೋಯಿತು, ಅಷ್ಟೇ. ಸಣ್ಣಾಕಿ ಹೋಗಿ ಬಾಳೆಹಣ್ಣಿನ ಬಂಡಿಯ ಮೇಲೆ ಕುಳಿತಳು. ಕುಳಿತವಳು ಫೋನನ್ನು ಮಾತ್ರ ಕೆಳಗಿಳಿಸಲಿಲ್ಲ.

ಆ ದಿನ ಸುರಪುರದ ನನ್ನ ಮಗಳ ಮನೆಯಲ್ಲಿ ಉಳಿದೆವು. ದೀಪ ಹಚ್ಚುವ ಹೊತ್ತಿಗೆ ಸಣ್ಣಾಕಿ ಪಡಸಾಲೆಯಲ್ಲಿ ಫೋನು ಮುಂದಿಟ್ಟುಕೊಂಡು, ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು, ಮಗಳ ಕೈಯಿಂದ ಬಾಜಾ ಹಚ್ಚಿಸಿದಳು.

ಮೊದಲು ಕೇಳಿಸಿದ್ದು ನಮ್ಮ ಮನೆಗೆ ಕೀಲಿ ಹಾಕುವ ಸಪ್ಪಳ. ಆಮೇಲೆ ಆಟೋ. ಬ್ಯಾಂಡಿನವರು ಬಾರಿಸಲು ಎದ್ದು ನಿಲ್ಲುವಷ್ಟರಲ್ಲಿ ಟಕ್ ಎಂದು ನಿಂತಿತು. ಮಗಳು ಮುಂದಿನದನ್ನು ಹಚ್ಚಿ, ನಡುನಡುವೆ ಓಡಿಸಿದಳು. ಪಾತ್ರೆ ಕೆರೆಯುವ ಸಪ್ಪಳ ಸ್ವಚ್ಛವಾಗಿ ಬಂದಿತ್ತು. ಅದರ ಬೆನ್ನಿಗೆ ಇಬ್ಬರ ಗೊರಕೆ, ಕೋಳಿ ಕೂಗು, ಬಸ್ಸು, ಕಂಡಕ್ಟರನ ಸೀಟಿ. ಬಾಜಾ ಶುರುವಾಗುವ ಹೊತ್ತಿಗೆ ಮತ್ತೆ ಟಕ್. ಹೊಸ್ತಿಲಲ್ಲಿ ಒತ್ತಿ ನೋಡಿದವಳು ಬಿಡಿಸುವುದನ್ನು ಮರೆತಿದ್ದಳು. ಅಲ್ಲಿಂದ ಮುಂದೆ ಹಿಡಿ ಎಂದಾಗ ಬಿಟ್ಟಿದೆ, ಬಿಡು ಎಂದಾಗ ಹಿಡಿದಿದೆ.

ಶಹಾಪುರದ ನಳದ ನೀರು ಸುರಿಯಿತು. ಅದರ ಜೊತೆಗೆ ನನ್ನ ದನಿ: "ನಮ್ಮಾಕಿ ನಡತಿ ನೋಡ್ರಿ ಯವ್ವಾ, ಈ ವಯಸ್ಸಿನಾಗ ಆ ಪೀಪಿಯವನ ಮ್ಯಾಲ ಕಣ್ಣು ಹಾಕ್ಯಾಳ."

ಮಗಳು ಎದ್ದು ಒಳಗೆ ಹೋದಳು. ನಾನು ಗೋಡೆಯ ಮೇಲಿನ ಹಲ್ಲಿಯನ್ನು ನೋಡಿದೆ. ಸಣ್ಣಾಕಿ ಬೈಯಬಹುದು, ಅಳಬಹುದು, ಒಲೆ ಬೇರೆ ಮಾಡುತ್ತೇನೆ ಎನ್ನಬಹುದು ಎಂದು ಕಾದೆ. ಅವಳಿಗೆ ಅದು ಕೇಳಿಸಿದಂತೆಯೇ ಇರಲಿಲ್ಲ. ಬೆರಳಿನಿಂದ ಫೋನು ತೀಡುತ್ತ, "ಬಾಜಾ ಎಲ್ಲದ ಯಕ್ಕಾ?" ಎಂದಳು.

"ಇಲ್ಲ. ಬಂದಿಲ್ಲ" ಎಂದೆ.

"ಒಂದೂ?"

"ಒಂದೂ ಇಲ್ಲ."

ನಾನೇ ಕೇಳಿದೆ, "ಈಗರ ಖರೇ ಹೇಳು. ಆ ಮಾಸ್ತರ ನಿಂಗೇನಾಗಬೇಕು?"

"ಏನೂ ಆಗಬೇಕಾಗಿಲ್ಲ. ಛಂದ ಊದತಾನ."

"ಛಂದ ಊದತಾನಂತ ಯಾರರ ಹಿಂಗ ಊರೂರು ತಿರಗತಾರೇನು?"

"ಮತ್ತ ಇನ್ಯಾಕ ತಿರಗತಾರ ಯಕ್ಕಾ?"

ಸಣ್ಣಾಕಿ ಊಟಕ್ಕೆ ಏಳಲಿಲ್ಲ. ಮಾಸ್ತರನ ಮನೆಗೆ ಹೋಗಿ ಇನ್ನೊಮ್ಮೆ ಊದಿಸೋಣ ಎಂದರೆ, "ಬ್ಯಾಡ. ಬ್ಯಾನಿ ತಿಂದು ಊದ್ಯಾನ, ಇನ್ನ ಕಾಡಬಾರದು" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಎಬ್ಬಿಸಿದೆ. "ಏಳು, ಹಲ್ಲಿನ ದವಾಖಾನಿಗೆ ಹೋಗೋಣು."

"ನಿಂಗ ಹಲ್ಲೇ ಇಲ್ಲಲ್ಲ ಯಕ್ಕಾ?"

"ಇಲ್ಲದ್ದಕ್ಕೇ ಹೊಂಟೀನಿ. ನಡಿ."

ಮಾಸ್ತರ ದವಾಖಾನೆಯ ಬಾಕಿನ ಮೇಲೆ ಕುಳಿತಿದ್ದ. ಕೆಂಪು ಕೋಟು ಇಲ್ಲದೆ ಇನ್ನೂ ಸಣಕಲಾಗಿ ಕಂಡ. ತೊಡೆಯ ಮೇಲೆ ಕ್ಲಾರಿನೆಟ್ಟಿನ ಪೆಟ್ಟಿಗೆ. ಹೊಸ ಹಲ್ಲು ಕಟ್ಟುವಾಗ ಇದಕ್ಕೆ ಹೊಂದುವಂತೆ ಕಟ್ಟಲು ಬರುತ್ತದೆಯೇ ಎಂದು ಡಾಕ್ಟರಿಗೆ ತೋರಿಸಿ ಕೇಳಲು ತಂದಿದ್ದನಂತೆ.

"ಆಮ್ಯಾಲ ಕೇಳುವಂತಿ. ಮೊದಲ ಹೊರಗ ಬಾ" ಎಂದೆ. "ನಿನ್ನಿ ಊದಿದ್ದು ಫೋನಿನಾಗ ಬಂದಿಲ್ಲ. ಇಕಿ ರಾತ್ರಿ ಉಂಡಿಲ್ಲ."

ಸಣ್ಣಾಕಿ ನನ್ನ ರಟ್ಟೆ ಚಿವುಟಿದಳು. ಮಾಸ್ತರ ಅವಳನ್ನು ನೋಡಿದ, ಊದಿದ ಗಲ್ಲ ಮುಟ್ಟಿಕೊಂಡ, ಎದ್ದ. ಕಂಪೌಂಡರ್, "ನಿಮ್ಮ ನಂಬರ್ ಬಂತ್ರಿ" ಎಂದು ಕೂಗಿದ. ಬರತಾನ ತಡಿ ಎಂದು ನಾನೂ ಕೂಗಿದೆ.

ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಅವನು ಕ್ಲಾರಿನೆಟ್ ಜೋಡಿಸಿದ. ಫೋನು ನಾನು ಕಸಿದುಕೊಂಡೆ, ಇವಳ ಕೈಯನ್ನು ಇನ್ನು ನಂಬುವುದಿಲ್ಲ ಎಂದೆ. ಕೆಂಪು ಚುಕ್ಕೆ ಒತ್ತಿದೆ. ಸಪ್ಪಳ ಹಿಡಿಯುತ್ತಿರುವುದಕ್ಕೆ ಗುರುತಾಗಿ ಗಾಜಿನ ಮೇಲೆ ಅಂಕಿ ಓಡತೊಡಗಿದವು. ಅವನು ಅದೇ ನಿಧಾನದ ಧಾಟಿಯನ್ನು ಊದಿದ. ಡೋಲಿಲ್ಲ, ಏನಿಲ್ಲ. ನಡುವೆ ಒಂದು ಕಡೆ ನೋವಿಗೆ ಉಸಿರು ತಪ್ಪಿತು, ಮತ್ತೆ ಹಿಡಿದ.

ಸಣ್ಣಾಕಿ ಮೆಟ್ಟಿಲ ಮೇಲೆ ಕುಳಿತಿದ್ದಳು. ಎರಡೂ ಕೈ ಬರಿದಾಗಿ ತೊಡೆಯ ಮೇಲೆ ಬಿದ್ದಿದ್ದವು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕುಳಿತಿದ್ದೇನೆ, ಆ ಮುಖವನ್ನು ಆ ರೀತಿಯಲ್ಲಿ ನಾನು ಕಂಡಿರಲಿಲ್ಲ. ಗಂಡ ಇದ್ದಾಗಲೂ ಇಲ್ಲ, ಮಕ್ಕಳು ಹುಟ್ಟಿದಾಗಲೂ ಇಲ್ಲ.

ಊದುವುದು ನಿಂತಿತು. ಒಳಗಿನಿಂದ ಕಂಪೌಂಡರ್ ಮತ್ತೆ ಕೂಗಿದ. ಮಾಸ್ತರ ಬಾಯಿ ಒರೆಸಿಕೊಂಡ, ಕ್ಲಾರಿನೆಟ್ಟನ್ನು ಮಾತ್ರ ಇನ್ನೂ ಕೈಯಲ್ಲೇ ಹಿಡಿದಿದ್ದ.

"ಬಂತೇನ್ರಿ ಯಕ್ಕಾ?"

ಅಂಕಿ ಓಡುತ್ತಲೇ ಇದ್ದವು. ಒಂದೂ ತಪ್ಪದೆ ಎಲ್ಲ ಬಂದಿತ್ತು. ಫೋನನ್ನು ಎದೆಗೆ ಒತ್ತಿ ಹಿಡಿದುಕೊಂಡೆ.

"ಇಲ್ಲಪಾ," ಎಂದೆ. "ಬಂದಿಲ್ಲ. ಇನ್ನೊಮ್ಮಿ ಊದು."