ಅಕ್ಕಿ, ಉದ್ದು, ತೊಗರಿ, ಬೆಲ್ಲ ಕೂಡಿದರೆ ಎಷ್ಟು?

ನನಗೆ ಸಹಿ ಹಾಕಲು ಬರುತ್ತದೆ, ಅಂಕೆ ಓದಲು ಬರುತ್ತದೆ. ಕಂಪ್ಯೂಟರಿಗೆ ಇಷ್ಟು ಧಾರಾಳ ಸಾಕು ಅಂತ ಆಗ ನಂಬಿದ್ದೆ.

ಸೂರತ್ತಿನ ವರಾಛಾದಲ್ಲಿ ನಮ್ಮದೊಂದು ಇಡ್ಲಿ ಹೋಟೆಲು. ಸೊಸೆ ಶೈಲಜಾ ಕಾಲೇಜಿನಲ್ಲಿ ಗಣಿತ ಕಲಿಸುವವಳು. ಮನೆಯ ಕಂಪ್ಯೂಟರಿಗೆ ಲೆಕ್ಕದ ಒಂದು ಸಾಫ್ಟ್‌ವೇರ್ ಹಾಕಿದಳು.

"ಬಿಟ್ಟಿ ಅತ್ತೆ. ಯಾರೋ ಪುಣ್ಯಾತ್ಮರು ಬರೆದು ಹಂಚಿದ್ದಾರೆ. ಬೇಕಾದವರು ಬಿಚ್ಚಿಯೂ ನೋಡಬಹುದು."

"ಬಿಚ್ಚುವುದು ಎಂತಕ್ಕೆ ಮಾರಾಯ್ತಿ? ನಡೆದರೆ ಸಾಕು."

ಯಾವ ಆರ್ಡರಿಗೆ ಎಷ್ಟು ಜನ ಅಂತ ನಾನು ಒತ್ತಬೇಕು. ಅದು ಒಳಗೊಳಗೇ ಆರ್ಡರಿಗೊಂದು ಸಾಲು ಮಾಡಿ, ಅಕ್ಕಿಗೆ ಅಕ್ಕಿ, ಉದ್ದಿಗೆ ಉದ್ದು ಕೂಡಿಸಿ, ಅಕ್ಕಿ, ಉದ್ದು, ತೊಗರಿ, ಬೆಲ್ಲಕ್ಕೆ ನಾಲ್ಕು ಅಂಕೆ ತೋರಿಸುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ನಾನು ನೆಲದ ಮೇಲೆ ನಡೆಯುವುದನ್ನೇ ಬಿಟ್ಟೆ!

ಆಗ ಎದುರುಮನೆಯ ಸವಿತಾಬೆನ್ ಬಂದಳು. ನನ್ನನ್ನು ಮಾಸಿ, ಅಂದರೆ ಚಿಕ್ಕಮ್ಮ, ಅಂತ ಕರೆಯುವವಳು. ಮಗಳ ನಿಶ್ಚಿತಾರ್ಥ, ಬೆಳಗಿನ ತಿಂಡಿಗೆ ನಮ್ಮ ಇಡ್ಲಿ.

"ಮಾಸಿ, ಗಂಡಿನ ತಾಯಿ ತಪ್ಪು ಹುಡುಕಲಿಕ್ಕೇ ಬರುವವಳು. ನನ್ನ ಮಾನ ನಿಮ್ಮ ಕೈಯಲ್ಲಿ."

ಆ ದಿನದ ಉಳಿದ ಆರ್ಡರೆಲ್ಲ ಬಿಟ್ಟೆ. ಶೈಲಜಾ ಪರೀಕ್ಷೆಯ ಕೆಲಸಕ್ಕೆ ವಡೋದರಾಕ್ಕೆ ಹೋಗಿದ್ದಳು. ಹೋಗಲಿ, ನಾನಿಲ್ಲವೇ! ಆ ಒಂದೇ ಆರ್ಡರ್ ಒತ್ತಿದೆ. ಒಂದೇ ಅಂಕೆ ಬಂತು. ಅಕ್ಕಿ ಎಷ್ಟೆಂದು ಹೇಳಿ, ಉಳಿದದ್ದನ್ನು ನನ್ನ ಅನುಭವಕ್ಕೆ ಬಿಟ್ಟಿದೆ ಅಂದುಕೊಂಡೆ. ಎಂತಹ ಮರ್ಯಾದೆ!

"ಇಷ್ಟು ಅಕ್ಕಿ ಯಾರಿಗೆ, ಮದುವೆಗೂ ಸೇರಿಸಿಯಾ?" ಅಂದರು ನಮ್ಮನೆಯವರು.

"ಕಂಪ್ಯೂಟರಿಗಿಂತ ನಿಮಗೆ ಜಾಸ್ತಿ ಗೊತ್ತುಂಟಾ?"

ಅಕ್ಕಿ ಮೂಟೆ ಇಳಿಸಿಕೊಟ್ಟರು. ಅವತ್ತು ಇಳಿಸಬಾರದಿತ್ತು.

ಅಷ್ಟು ಅಕ್ಕಿ, ಅದಕ್ಕೆ ತಕ್ಕ ಉದ್ದು ರುಬ್ಬಿ ಮುಗಿಯಬೇಕಾದರೆ ಸಂಜೆಯ ಬದಲು ಹಿಂದಿನ ದಿನ ಬೆಳಿಗ್ಗೆಯೇ ಕೂರಬೇಕಾಯಿತು. ಮಾವಿನಹಣ್ಣಿನ ಕಾಲ, ಸೂರತ್ತಿನ ಸೆಕೆ. ಮರುದಿನ ನೋಡಿದರೆ ಹಿಟ್ಟು ಪಾತ್ರೆ ಬಿಟ್ಟು, ಹೊಸ್ತಿಲು ದಾಟಿ, ಮೆಟ್ಟಿಲು ಇಳಿಯುತ್ತಿತ್ತು! ನೆಕ್ಕಿ ನೋಡಿದೆ. ಹುಣಸೆಹಣ್ಣೇ ವಾಸಿ.

ರೇಷ್ಮೆ ಸೀರೆಯಲ್ಲಿ ಸವಿತಾಬೆನ್ ಓಡಿ ಬಂದಳು.

"ಹಾಳು ಮಾಡಿದೆ. ಇದರಲ್ಲಿ ಇಡ್ಲಿ ಆಗುವುದಿಲ್ಲ" ಅಂದೆ.

ಅವಳೂ ಬೆರಳು ಅದ್ದಿ ನೆಕ್ಕಿದಳು. "ಅರೇ ಮಾಸಿ! ಇದು ಇದಡಾದ ಹಿಟ್ಟು!"

ಹುಳಿ ಬಂದ ಇದೇ ಹಿಟ್ಟನ್ನು ತಟ್ಟೆಗೆ ಹೊಯ್ದು, ಕಾಳುಮೆಣಸಿನ ಪುಡಿ ಉದುರಿಸಿ, ಹಬೆಯಲ್ಲಿ ಬೇಯಿಸಿ ಕತ್ತರಿಸಿದರೆ ಇದಡಾ. ಸೂರತ್ತಿನವರು ಮಾವಿನ ರಸದ ಜೊತೆ ಅದಕ್ಕೆ ಪ್ರಾಣ ಬಿಡುತ್ತಾರೆ. ಮಗಳ ನಿಶ್ಚಿತಾರ್ಥದ ದಿನ ಆ ಹೆಂಗಸು ಸೆರಗು ಸಿಕ್ಕಿಸಿ ನನ್ನ ಒಲೆಯ ಮುಂದೆ ನಿಂತಳು. ನನ್ನನ್ನು ಬೈಯಲಿಲ್ಲ. ಆ ಉಪಕಾರ ಸಾಯುವವರೆಗೂ ಮರೆಯುವವಳಲ್ಲ ನಾನು.

ಗಂಡಿನ ತಾಯಿ ತಪ್ಪು ಹುಡುಕುತ್ತಾ ತಿಂದಳು. ಸಿಗಲಿಲ್ಲವೋ ಏನೋ, ಮತ್ತೆ ಮತ್ತೆ ಹಾಕಿಸಿಕೊಂಡು ಹುಡುಕಿದಳು!

ಶೈಲಜಾ ಬಂದು ತಲೆಯ ಮೇಲೆ ಕೈ ಹೊತ್ತಳು. "ಅತ್ತೆ, ಸಾಲು ಹೆಚ್ಚಿದ್ದರೆ ಅದು ಕೆಳಕ್ಕೆ ಕೂಡಿಸುತ್ತದೆ, ಒಂದೇ ಇದ್ದರೆ ಅಡ್ಡಕ್ಕೆ. ಅಕ್ಕಿ, ಉದ್ದು, ತೊಗರಿ, ಬೆಲ್ಲ ಎಲ್ಲ ಸೇರಿಸಿ ಒಂದೇ ಅಂಕೆ!"

"ನಿನ್ನೆವರೆಗೆ ಕೆಳಕ್ಕೆ, ಇವತ್ತು ಅಡ್ಡಕ್ಕಾ? ಅದಕ್ಕೆ ತಲೆ ಉಂಟಾ?"

ಸಾಫ್ಟ್‌ವೇರ್ ಬರೆದವರಿಗೇ ಇ-ಮೇಲ್ ಕಳಿಸಿದಳು. ಉತ್ತರ ಬಂತು. ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ಸಾಫ್ಟ್‌ವೇರೂ ಹೀಗೇ ಮಾಡುತ್ತದಂತೆ, ಅದಕ್ಕೇ ಇವರೂ ಹೀಗೇ ಮಾಡಿದರಂತೆ. ಕೂಡಿಸುವ ದಿಕ್ಕು ಹೇಳಿಕೊಡುವ ಉಪಾಯವನ್ನೂ ಬರೆದಿದ್ದರು. ಕಾಸು ತೆಗೆದುಕೊಳ್ಳದವರು ಇಷ್ಟು ಮಾಡಿದರು. ನಮ್ಮ ಗ್ರೈಂಡರ್ ಮಾರಿದವನು ಫೋನೇ ಎತ್ತುವುದಿಲ್ಲ! ಎಲ್ಲಿದ್ದರೂ ಆ ಮಕ್ಕಳು ತಣ್ಣಗಿರಲಿ.

ಮದುವೆಯ ಆರ್ಡರೂ ನಮಗೇ ಬಂತು. "ಮಾಸಿ, ಇದಡಾ ಮಾತ್ರ. ಇಡ್ಲಿ ಬೇಡ" ಅಂದಳು ಸವಿತಾಬೆನ್.

ಉಡುಪಿ ಕಡೆಯವಳು ನಾನು. ವರಾಛಾದಲ್ಲಿ ಈಗ 'ಇದಡಾ ಮಾಸಿ' ಅಂತ ಕೂಗುತ್ತಾರೆ. ತಿರುಗಿ ನೋಡುತ್ತೇನೆ. ಬೇರೆ ಎಂತ ಮಾಡುವುದು!