ಎಡದಿಂದ ನಾಲ್ಕನೆಯ ನಿಂಜಾ

ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಗಂಡ ಸಿನಿಮಾದಲ್ಲಿ ನಟಿಸಿದ್ದಾನೆ, ಆ ಸಿನಿಮಾ ಮನೆಯಿಂದ ಇನ್ನೂರು ಹೆಜ್ಜೆ ದೂರದ ಟಾಕೀಸಿನಲ್ಲೇ ಓಡುತ್ತಿದೆ, ಹೆಂಡತಿ ಮಾತ್ರ ನೋಡುವುದಿಲ್ಲ ಎನ್ನುತ್ತಾಳೆ. ನಿಂಜಾಗಳ ತವರಾದ ಇಗಾ ಊರಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ನಡೆದಿಲ್ಲ ಎಂಬುದು ಯೊಶಿಹಾರುವಿನ ಖಚಿತ ಅಭಿಪ್ರಾಯ. (ಆ ಇತಿಹಾಸದಲ್ಲಿ ಶತ್ರುಗಳು ಊರಿಗೆ ಊರನ್ನೇ ಸುಟ್ಟದ್ದೂ ಸೇರಿದೆ.)

ಹಿರಾಯ್ ಯೊಶಿಹಾರುವಿನದು ಗಟ್ಟಿ ಬಿಸ್ಕತ್ತಿನ ಅಂಗಡಿ. ನಿಂಜಾಗಳು ಸೊಂಟದಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರೆನ್ನುವ ಬಿಸ್ಕತ್ತು ಅದು. ಹಲ್ಲಿಗೆ ಬಗ್ಗುವುದಿಲ್ಲ, ಪ್ರತಿ ಪೊಟ್ಟಣದ ಜೊತೆಗೂ ಪುಟ್ಟದೊಂದು ಮರದ ಸುತ್ತಿಗೆ ಕೊಡಬೇಕು. ಅಂಗಡಿಯ ಮಹಡಿಯಲ್ಲಿ ಅವನ ಹೆಂಡತಿ ಚಿಜುರು ಕುಂಚದ ಬರವಣಿಗೆ ಕಲಿಸುತ್ತಾಳೆ. ಊರಿಗೆಲ್ಲ ಅವಳು ಸೆನ್ಸೇ, ಅಂದರೆ ಗುರು. ಮಗಳು ಹುಟ್ಟಿದಂದಿನಿಂದ ಅವಳು ಗಂಡನನ್ನು ‘ಅಪ್ಪ’ ಎಂದೂ ಅವನು ಅವಳನ್ನು ‘ಅಮ್ಮ’ ಎಂದೂ ಕರೆಯುತ್ತ ಬಂದಿದ್ದಾರೆ. ಮಗಳು ಮದುವೆಯಾಗಿ ನಗೋಯಾಕ್ಕೆ ಹೋದಳು, ಪದವಿಗಳು ಮಾತ್ರ ಇಲ್ಲೇ ಉಳಿದವು.

ಜಗಳ ಶುರುವಾದದ್ದು ಹೋದ ವರ್ಷದ ಶರತ್ಕಾಲದಲ್ಲಿ. ಹುಡುಗಿಯರೆಲ್ಲ ಹುಚ್ಚೆದ್ದು ನೋಡುವ ನಿಂಜಾ ಪ್ರೇಮದ ಅನಿಮೆ ಕಾರ್ಟೂನೊಂದನ್ನು ನಿಜವಾದ ಮನುಷ್ಯರನ್ನಿಟ್ಟು ತೆಗೆಯುತ್ತೇವೆಂದು ಟೋಕಿಯೋದಿಂದ ತಂಡ ಬಂತು. ‘ಹೆಂಚಿನ ಮೇಲಿನ ಚಂದ್ರ’ ಎಂದು ಹೆಸರು. ಸೂರಿನ ಮೇಲೆ ಸಾಲಾಗಿ ನಿಲ್ಲಲು ಊರಿನ ಒಂಬತ್ತು ಜನ ಬೇಕಾಗಿದ್ದರು. ಯೊಶಿಹಾರು ಅಂಗಡಿಗೆ ಬೀಗ ಹಾಕಿಕೊಂಡು ಓಡಿದ. ಅಂದೇ ಚಿಜುರುವಿನ ಶಿಷ್ಯರ ವಾರ್ಷಿಕ ಪ್ರದರ್ಶನ. ನಲವತ್ತೆರಡು ಚೌಕಟ್ಟುಗಳನ್ನು ಕೈಗಾಡಿಯಲ್ಲಿ ಹೇರಿ, ಸ್ಟೇಷನ್ನಿನ ಆಚೆಯ ಸಭಾಭವನದವರೆಗೆ ಅವಳೊಬ್ಬಳೇ ತಳ್ಳಿದಳು.

ಈಗ ಸಿನಿಮಾ ಬಿಡುಗಡೆಯಾಗಿದೆ. ಮೊದಲ ದಿನವೇ ಒಬ್ಬನೇ ಹೋಗಿ ನೋಡಿ ಬಂದ ಯೊಶಿಹಾರು ಊಟಕ್ಕೆ ಕೂತವನು ಅನ್ನದ ಬಟ್ಟಲು ಮುಟ್ಟಲಿಲ್ಲ.

“ಅಮ್ಮ, ಪ್ರೇಮ ನಿವೇದನೆಯ ದೃಶ್ಯ. ನಾಯಕಿ ಸೂರಿನ ಮೇಲೆ ನಡೆದು ಬರ್ತಾಳೆ. ಹಿಂದೆ ನಾವು ಒಂಬತ್ತು ಜನ. ಎಡದಿಂದ ನಾಲ್ಕನೆಯವನು ನಾನು.”

“ಎಲ್ಲರಿಗೂ ಮುಸುಕು ಇರುತ್ತಲ್ಲ. ಹೇಗೆ ಗೊತ್ತಾಯ್ತು?”

“ಅವತ್ತೇ ಎಣಿಸಿಟ್ಟುಕೊಂಡಿದ್ದೆ. ನನ್ನ ಎಡಗಡೆ ಮೂರು ಜನ. ನೀನು ಬಂದು ನೋಡು, ನಾನು ಅಷ್ಟು ಅಲುಗಾಡದೆ ನಿಲ್ತೀನಿ ಅಂತ ನನಗೇ ಗೊತ್ತಿರಲಿಲ್ಲ.”

“ಮೂವತ್ತೊಂದು ವರ್ಷದಿಂದ ನೋಡ್ತಿದ್ದೀನಲ್ಲ, ಕಸ ತೆಗೆಯೋ ಹೊತ್ತಿಗೆ ಹೇಗೆ ಅಲುಗಾಡದೆ ಕೂರ್ತೀರಿ ಅಂತ. ಟಿಕೆಟ್ ತಗೊಂಡು ಬೇರೆ ನೋಡ್ಬೇಕಾ?” ಎಂದು ಚಿಜುರು ಉಪ್ಪಿನಕಾಯಿ ಅವನತ್ತ ಸರಿಸಿದಳು.

ಕೋಪ ಇನ್ನೊಂದು ವಾರದಲ್ಲಿ ಇಳಿಯಬಹುದು, ಹೋದ ಸಲದ್ದು ಹಾಗೇ ಇಳಿದಿತ್ತು ಎಂದು ಯೊಶಿಹಾರು ಲೆಕ್ಕ ಹಾಕಿದ. ಆದರೆ ಸಿನಿಮಾ ಇನ್ನೊಂದು ವಾರ ಇರಬೇಕಲ್ಲ? ಟಾಕೀಸಿನ ಒಡತಿ ಮಿನೆಗಿಶಿ-ಸಾನ್ ಎಪ್ಪತ್ತರ ಹೆಂಗಸು. ಟಿಕೆಟ್ ಕೊಡುವವರೂ ಅವರೇ, ದೀಪ ಆರಿಸುವವರೂ ಅವರೇ. ಮೊಗಸಾಲೆಯಲ್ಲಿ ಚಹಾದ ಫ್ಲಾಸ್ಕಿನ ಪಕ್ಕ ದಾರ ಕಟ್ಟಿದ ಪೆನ್ಸಿಲಿನೊಂದಿಗೆ ಒಂದು ಅಭಿಪ್ರಾಯ ಪುಸ್ತಕ ಇಟ್ಟಿದ್ದಾರೆ. ಅವರ ಪಾಲಿಗೆ ಅದು ಸುಪ್ರೀಂ ಕೋರ್ಟು.

“ಪುಸ್ತಕದಲ್ಲಿ ಬೈಗುಳವೇ ತುಂಬಿದೆ, ಹಿರಾಯ್-ಸಾನ್. ಗುರುವಾರಕ್ಕೆ ಇಳಿಸಿಬಿಡ್ತೀನಿ,” ಎಂದರು.

ಯೊಶಿಹಾರು ಪುಟ ತಿರುವಿದ.

‘ಅನಿಮೆಯಲ್ಲಿ ನಾಯಕನ ಕೊರಳವಸ್ತ್ರ ಕೆಂಪು. ಇಲ್ಲಿ ದಾಳಿಂಬೆ ಬಣ್ಣ. ನನ್ನ ಬಾಲ್ಯವನ್ನು ಕೊಂದಿರಿ.’

‘ಅನಿಮೆಯಲ್ಲಿ ಗಾಳಿಯಿಲ್ಲದಿದ್ದರೂ ಅವನ ಕೂದಲು ಹಾರುತ್ತಿತ್ತು. ಇಲ್ಲಿ ಬಿರುಗಾಳಿಗೂ ಅಲುಗುವುದಿಲ್ಲ. ಯಾವ ಎಣ್ಣೆ ಹಚ್ಚುತ್ತಾನೆಂದು ತಿಳಿಸಬೇಕಾಗಿ ವಿನಂತಿ.’

‘ಇಬ್ಬರ ಕಣ್ಣು ಕಲೆಯಲು ಒಂದು ಗಂಟೆ ಹತ್ತು ನಿಮಿಷ. ಕಲೆತ ಕೂಡಲೇ ಹೊಗೆಬಾಂಬು. ನನ್ನ ಮದುವೆಯೂ ಹೀಗೇ ಆಯಿತು.’

‘ಪ್ರೇಮ ನಿವೇದನೆಯ ಹೊತ್ತಿನಲ್ಲಿ ಹಿಂದಿನ ನಿಂಜಾಗಳಲ್ಲಿ ಒಬ್ಬ ನಾಯಕಿಗೆ ತಲೆಬಾಗುತ್ತಾನೆ. ಎಡದಿಂದ ಆರನೆಯವನು. ನಾನು ಅಳಬೇಕೆಂದಿದ್ದೆ, ನಕ್ಕುಬಿಟ್ಟೆ. ದುಡ್ಡು ವಾಪಸು ಕೊಡಿ.’

ಅದರ ಕೆಳಗೆ, ಮಕ್ಕಳ ಬರಹದಂತೆ ಗುಂಡಗಿನ ಅಕ್ಷರದಲ್ಲಿ: ‘ನನಗೆ ಆ ಆರನೆಯವನೇ ಇಷ್ಟವಾದ. ಇಡೀ ಚಿತ್ರದಲ್ಲಿ ನಂಬಬಹುದಾದ ಗಂಡಸು ಅವನೊಬ್ಬನೇ.’

ಎಂಥೆಂಥ ರುಚಿಯ ಜನರಿರುತ್ತಾರೆ ಎಂದುಕೊಂಡ ಯೊಶಿಹಾರು. ನಾಲ್ಕನೆಯವನ ಬಗ್ಗೆ ಒಂದಕ್ಷರವಿಲ್ಲ. ಮಿನೆಗಿಶಿ-ಸಾನ್ ಚಹಾ ತರಲು ಒಳಗೆ ಹೋದರು. ಪೆನ್ಸಿಲ್ ದಾರದಲ್ಲಿ ಮೆಲ್ಲಗೆ ತೂಗಾಡುತ್ತಿತ್ತು. ಮಹಾಪುರುಷರ ಬಾಳಿನಲ್ಲಿ ಇಂಥ ಗಳಿಗೆ ಬರುತ್ತದೆ.

‘ನನಗೆ ಹದಿನೇಳು ವರ್ಷ. ನಾಯಕ ಪರವಾಗಿಲ್ಲ. ಆದರೆ ಎಡದಿಂದ ನಾಲ್ಕನೆಯ ನಿಂಜಾನ ನಿಲುವು ಕಂಡು ಎದೆ ಡವಡವ ಎಂದಿತು. ಮದುವೆಯಾದರೆ ಇಂಥವರನ್ನೇ ಆಗಬೇಕು. ನನಗೆ ಗಟ್ಟಿ ಬಿಸ್ಕತ್ತೂ ಇಷ್ಟ.’ (ಕೊನೆಯ ವಾಕ್ಯ ಕೈತಪ್ಪಿ ಬಂದದ್ದು. ವ್ಯಾಪಾರಿಯ ಕೈ.)

ಮರುದಿನ ಅವನಿಗೆ ಎಂಬತ್ತಮೂರು ವರ್ಷವಾಗಿ, ಅಜ್ಜಿಯಾದ: ‘ನಮ್ಮ ಕಾಲದ ಗಂಡಸರು ಹೀಗೆ ನಿಲ್ಲುತ್ತಿದ್ದರು. ನಾಲ್ಕನೆಯವನು ರೆಪ್ಪೆಯನ್ನೂ ಬಡಿಯಲಿಲ್ಲ. ನನ್ನ ಸೊಂಟನೋವು ಮರೆತುಹೋಯಿತು.’ ಸಂಜೆ ಸಂನ್ಯಾಸ ತೆಗೆದುಕೊಂಡ: ‘ಇಪ್ಪತ್ತು ವರ್ಷ ಧ್ಯಾನ ಮಾಡಿದರೂ ನಮಗೆ ಇಂಥ ಸ್ಥಿರತೆ ಸಿದ್ಧಿಸಲಿಲ್ಲ.’ ಬುಧವಾರ ಒಸಾಕಾದ ಚಿತ್ರ ಪಂಡಿತನೊಬ್ಬ ಅವನೊಳಗೆ ಇಳಿದ: ‘ನಾಲ್ಕನೆಯವನು ಪರ್ವತ. ಆರನೆಯವನು ಪೆದ್ದ. ಇಬ್ಬರನ್ನೂ ಒಂದೇ ಸೂರಿನ ಮೇಲೆ ನಿಲ್ಲಿಸಿದ್ದೇ ನಿರ್ದೇಶಕರ ಪ್ರತಿಭೆ.’ ಆರನೆಯವನನ್ನು ಬೈಯುವಾಗ ಕೈಗೆ ವಿಶೇಷ ಹುರುಪು ಬಂದಿತ್ತು. ಅದೇ ಸಾಲಿನಲ್ಲಿ ನಿಂತು ಇಡೀ ತಂಡದ ಮಾನ ಕಳೆದವನು ಅವನು.

ಆಮೇಲೆ ನಡೆದದ್ದು ಯೊಶಿಹಾರುವಿನ ಅಂದಾಜನ್ನೂ ಮೀರಿತು. ಒಂದು ಸಲ ನೋಡಿ ಬೈದವರು ನಾಲ್ಕನೆಯವನನ್ನು ನೋಡಲು ಎರಡನೆಯ ಸಲ ಬಂದರು. ಹೈಸ್ಕೂಲಿನ ಹುಡುಗಿಯರು ತರಗತಿಗೆ ತರಗತಿಯೇ ಬಂದು, “ನಿಜ ಕಣೇ, ಉಸಿರೂ ಆಡಲ್ಲ” ಎಂದು ಒಬ್ಬರನ್ನೊಬ್ಬರು ಚಿವುಟಿಕೊಂಡರು. ಪುಸ್ತಕದಲ್ಲಿ ನಾಲ್ಕನೆಯವನಿಗೆ ಪ್ರೇಮಪತ್ರಗಳು ಬೀಳತೊಡಗಿದವು. ಸಿನಿಮಾ ಎರಡನೆಯ ವಾರಕ್ಕೆ ಕಾಲಿಟ್ಟಿತು. ತಡೆಯಲಾರದೆ ಯೊಶಿಹಾರು ಮಿನೆಗಿಶಿ-ಸಾನ್ ಕಿವಿಯಲ್ಲಿ ಹೇಳಿಯೇಬಿಟ್ಟ: “ಆ ನಾಲ್ಕನೆಯವನು... ನಾನೇ.”

ಅವರು ಎರಡು ಕೈಯಿಂದಲೂ ಅವನ ಕೈ ಹಿಡಿದರು. “ಶನಿವಾರ ಬಿಳಿ ತೆರೆಯ ಮುಂದೆ ನಿಂತು ಜನಕ್ಕೆ ವಂದನೆ ಹೇಳಿಬಿಡಿ. ನಾನು ಸೆನ್ಸೇ ಹತ್ರ ದೊಡ್ಡ ಫಲಕ ಬರೆಸ್ತೀನಿ. ಒಳ್ಳೊಳ್ಳೆ ಅಭಿಪ್ರಾಯಗಳನ್ನೂ ಅದರಲ್ಲಿ ಹಾಕಿಸೋಣ.”

ಹೀಗೆ ಅಭಿಪ್ರಾಯ ಪುಸ್ತಕ ಗಟ್ಟಿ ಬಿಸ್ಕತ್ತಿನ ಅಂಗಡಿಯ ಮಹಡಿ ಹತ್ತಿತು.

ಚಿಜುರು ಮಂಡಿಯೂರಿ ಕೂತು ಒಂದೊಂದೇ ಪುಟ ಮಗುಚುತ್ತಿದ್ದಳು. ಕಿಟಕಿಯಿಂದ ಬಂದ ಬಿಸಿಲು ಶಾಯಿಯ ಕಲ್ಲಿನ ಮೇಲೆ ಬಿದ್ದಿತ್ತು. ಯೊಶಿಹಾರು ಏನೂ ಬೇಡದಿದ್ದರೂ ಮೂರು ಸಲ ಮಹಡಿ ಹತ್ತಿ ಇಳಿದ.

“ಅಪ್ಪ, ಈ ಮಠದ ಗುರುಗಳ ಅಕ್ಷರಕ್ಕೆ ಯಾಕೋ ಹದಿನೇಳರ ಹುಡುಗಿಯ ಅಕ್ಷರದ ಹಾಗೇ ಬಾಲ ಎದ್ದಿದೆ.”

“ಹುಡುಗೀರೂ ಮಠಕ್ಕೆ ಹೋಗ್ತಾರಲ್ಲ, ಅಲ್ಲಿ ಕಲಿತಿರ್ತಾಳೆ.”

“ಅಜ್ಜೀಗೂ ಅದೇ ಬಾಲ.”

“ಊರೆಲ್ಲ ನಿನ್ನ ಶಿಷ್ಯರೇ. ಕಲಿಸಿದ್ದು ಯಾರು?”

“ಬಾಲ ಎತ್ತೋದನ್ನ ನಾನು ಕಲಿಸಲ್ಲ,” ಎಂದ ಚಿಜುರು ಕುಂಚವನ್ನು ಕೆಂಪು ಶಾಯಿಯಲ್ಲಿ ಅದ್ದಿದಳು. ತಲೆಯೆತ್ತದೆಯೇ ಹೇಳಿದಳು: “ಶನಿವಾರ ನಾನೂ ಬರ್ತೀನಿ.”

ಯೊಶಿಹಾರು ಕೆಳಗಿಳಿದು ಬಂದು ಗಟ್ಟಿ ಬಿಸ್ಕತ್ತೊಂದನ್ನು ಸುತ್ತಿಗೆಯಿಲ್ಲದೆ ಕಚ್ಚಿದ. ಸಂತೋಷಕ್ಕೆ ಹಲ್ಲು ನೋಯಲೇ ಇಲ್ಲ.

ಶನಿವಾರ ಟಾಕೀಸಿನಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ. ಸಿನಿಮಾ ಮುಗಿದು, ಹೆಸರುಗಳ ಉದ್ದನೆಯ ಪಟ್ಟಿ ಕೊನೆಯ ಸಾಲಿನವರೆಗೂ ಉರುಳಿ, ದೀಪ ಹತ್ತಿದಾಗ ಯೊಶಿಹಾರು ಬಾಡಿಗೆಗೆ ತಂದ ಕಪ್ಪು ದಿರಿಸು, ಮುಸುಕು ತೊಟ್ಟು ಬಂದು ನಿಂತ. ಮೊದಲ ಸಾಲಿನಲ್ಲಿ ಚಿಜುರು, ಪ್ರದರ್ಶನದ ದಿನ ಉಡುವ ನೀಲಿ ಕಿಮೊನೋ ಉಟ್ಟು ಕೂತಿದ್ದಳು. ಕೈಯಲ್ಲಿ ಯಾಕೋ ತರಕಾರಿಯ ಚೀಲ. ಅವಳು ಬಂದಳಲ್ಲ, ಅಷ್ಟು ಸಾಕು. ಅವನು ಮೂರು ದಿನ ಬಾಯಿಪಾಠ ಮಾಡಿದ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡ.

“ಭಾಷಣ ಬೇಡ,” ಎಂದು ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೂಗಿದಳು. “ನಿಂತು ತೋರಿಸಿ. ಸಿನಿಮಾದಲ್ಲಿ ನಿಂತ ಹಾಗೆ.”

“ನೂರು ಎಣಿಸೋವರೆಗೆ,” ಎಂದಳು ಇನ್ನೊಬ್ಬಳು.

ಇಡೀ ಟಾಕೀಸು ಎಣಿಸತೊಡಗಿತು. ಯೊಶಿಹಾರು ಪರ್ವತವಾದ. ಹದಿನೈದಕ್ಕೆ ಮೂಗು ತುರಿಸಿತು, ಸಹಿಸಿದ. ಮೂವತ್ತೆಂಟಕ್ಕೆ ಮಂಡಿ ನಡುಗಿತು, ಬಿಗಿಹಿಡಿದ. ಐವತ್ತು ದಾಟಿದಾಗ ಜನರ ದನಿಯಲ್ಲಿ ಭಕ್ತಿ ಬಂತು. ಅರವತ್ತಕ್ಕೆ ಸರಿಯಾಗಿ ಚಿಜುರು ಎದ್ದಳು. ಚೀಲ ತೂಗಾಡಿಸುತ್ತ ವೇದಿಕೆಯ ಮೆಟ್ಟಿಲು ಹತ್ತಿದಳು. ಅವನ ಮುಂದೆ, ಸಂಜೆ ನಾಲ್ಕರ ಗಿರಾಕಿ ಹೇಗೆ ಹಾದುಹೋಗುತ್ತಾಳೋ ಹಾಗೆ, ಕೊಳ್ಳಲೋ ಬೇಡವೋ ಎನ್ನುವ ಅರೆಮನಸ್ಸಿನಲ್ಲಿ, ನಿಧಾನವಾಗಿ ನಡೆದಳು.

ಮೂವತ್ತೊಂದು ವರ್ಷ ಗಿರಾಕಿಗಳಿಗೆ ಬಾಗಿದ ಸೊಂಟ ಯಾರ ಅಪ್ಪಣೆಯನ್ನೂ ಕಾಯಲಿಲ್ಲ.

“ಬನ್ನಿ, ಬನ್ನಿ. ಏನು ಕೊಡಲಿ?” ಎಂದು ಪರ್ವತ ಬಾಗಿತು.

ಎಣಿಕೆ ಅರವತ್ತಮೂರಕ್ಕೆ ನಿಂತಿತು. ಆಮೇಲೆ ಹಿಂದಿನ ಸಾಲಿನ ಹುಡುಗಿಯೇ ಎದ್ದು ನಿಂತಳು. “ಆರನೆಯವನು! ಇವರು ಆರನೆಯವನು ಕಣ್ರೇ!”

ನಗು ಬಾಲ್ಕನಿಯಿಂದ ಶುರುವಾಗಿ ಕೆಳಗಿಳಿದು ಮತ್ತೆ ಮೇಲೇರಿತು. ಯೊಶಿಹಾರು ಮುಸುಕಿನೊಳಗೇ ತಡಬಡಿಸಿದ. “ಇಲ್ಲ, ಇಲ್ಲ, ನಾನು ಎಣಿಸಿದ್ದೀನಿ. ನನ್ನ ಎಡಗಡೆ ಮೂರು ಜನ ಇದ್ರು.”

“ನಿಮ್ಮ ಎಡಗಡೆ,” ಎಂದಳು ಚಿಜುರು ಮೆಲ್ಲಗೆ. “ಕ್ಯಾಮೆರಾ ನಿಮ್ಮ ಎದುರಿಗಿತ್ತಲ್ಲ.”

ಯೊಶಿಹಾರು ಮನಸ್ಸಿನಲ್ಲೇ ಒಂಬತ್ತು ಜನರನ್ನು ಎಡಬಲ ತಿರುಗಿಸಿ ಎಣಿಸಿದ. ಎರಡು ಸಲ ಎಣಿಸಿದ. ಆರನೆಯವನು ಆರನೆಯವನೇ ಆಗಿ ಉಳಿದ.

“ಹಾಗಾದ್ರೆ ನಮ್ಮ ನಾಲ್ಕನೆಯವರು ಯಾರು?” ಎಂದಳು ಹುಡುಗಿ. ಅವಳ ಕೈಯಲ್ಲಿ ಹೂಗುಚ್ಛವಿತ್ತು.

ಮೂರನೆಯ ಸಾಲಿನಿಂದ ಸ್ಟೇಷನ್ ಮಾಸ್ತರ ಸುಗಾಯಾ-ಸಾನ್ ಎದ್ದರು. ಎರಡು ವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳುವವರ ಮುಖ. “ಅವತ್ತು ಒಬ್ಬರಿಗೆ ಬೆನ್ನು ಹಿಡೀತು, ಬರಲಿಲ್ಲ. ಆ ಟೋಕಿಯೋದವರು ಬಂದು ನಮ್ಮ ಸ್ಟೇಷನ್ ಸೂರಿನ ಮೇಲಿರೋ ನಿಂಜಾ ಗೊಂಬೆಯನ್ನ ಎರವಲು ಒಯ್ದರು. ಬೇಕಾದ್ರೆ ನೋಡಿ, ನಾಲ್ಕನೆಯವನಿಗೆ ಎಡಗೈ ಹೆಬ್ಬೆರಳಿಲ್ಲ. ಹೋದ ವರ್ಷದ ಚಂಡಮಾರುತದಲ್ಲಿ ಹೋಯ್ತು.”

ಹುಡುಗಿಯರು ಹೂಗುಚ್ಛ ಹಿಡಿದು ನೇರ ಸ್ಟೇಷನ್ನಿನ ಕಡೆ ಓಡಿದರು.

ಮನೆಗೆ ಬಂದ ಯೊಶಿಹಾರು ಮುಸುಕು ತೆಗೆಯಲು ಒಪ್ಪಲಿಲ್ಲ. ಚಹಾವನ್ನೂ ಮುಸುಕಿನ ಅಡಿಯಿಂದಲೇ ಕುಡಿದ. ಚಿಜುರು ಅವನ ಮುಂದೆ ಅಭಿಪ್ರಾಯ ಪುಸ್ತಕ ಇಟ್ಟಳು. ಹದಿನೇಳರ ಹುಡುಗಿ, ಅಜ್ಜಿ, ಗುರುಗಳು, ಪಂಡಿತ, ನಾಲ್ವರ ಬರಹದ ಮೇಲೂ ಕೆಂಪು ಶಾಯಿಯ ತಿದ್ದುಪಡಿ. ಎದ್ದ ಬಾಲಗಳನ್ನೆಲ್ಲ ಕತ್ತರಿಸಿ ಹಾಕಿದ್ದಳು. ಕೊನೆಗೆ, ಮಕ್ಕಳಿಗೆ ಕೊಡುವಂತೆ, ‘ಇನ್ನೂ ಅಭ್ಯಾಸ ಬೇಕು.’

“ನೀನು ಇವತ್ತೇ ಮೊದಲ ಸಲ ನೋಡಿದ್ದಲ್ವಾ?”

“ಮೊದಲ ಶನಿವಾರವೇ ನೋಡಿದೆ. ಶಾಯಿ ತರೋಕೆ ಅಂತ ಹೋಗಿದ್ದೆನಲ್ಲ.” ಅವಳು ಒಂದು ಪುಟ ಹಿಂದಕ್ಕೆ ಮಗುಚಿದಳು. ಗುಂಡಗಿನ ಅಕ್ಷರಗಳು. “ಎಡಗೈಯಲ್ಲಿ ಬರೆದೆ. ಮೂವತ್ತೊಂದು ವರ್ಷ ಆ ಬಾಗೋದನ್ನ ನೋಡಿದವಳಿಗೆ ಮುಸುಕು ಯಾವ ಲೆಕ್ಕ? ಇಡೀ ಚಿತ್ರದಲ್ಲಿ ನನಗೆ ಇಷ್ಟವಾಗಿದ್ದು ಅವನೊಬ್ಬನೇ. ಅವನನ್ನ ಪೆದ್ದ ಅಂತ ಬರೆದ್ರಲ್ಲ, ಒಸಾಕಾದ ಪಂಡಿತರೇ.”

ಯೊಶಿಹಾರುವಿನ ಮುಖ ಕೆಂಪಾಯಿತು. ಕೊನೆಗೂ ಮುಸುಕು ಒಂದು ಕೆಲಸಕ್ಕೆ ಬಂತು. ಅಷ್ಟರಲ್ಲಿ ಅವಳು ಎದ್ದಿದ್ದಳು.

“ನಾಳೆ ಪ್ರದರ್ಶನ, ಯೊಶಿಹಾರು-ಸಾನ್. ಈ ವರ್ಷ ನಲವತ್ತಮೂರು ಚೌಕಟ್ಟು.”

ಹೆಸರು ಹಿಡಿದು ಕರೆದಿದ್ದಳು. ಮದುವೆಯ ಮೊದಲ ವರ್ಷ ಹಾಗೆ ಕರೆಯುತ್ತಿದ್ದಳು, ಇಲ್ಲವೇ ತೀರಾ ಕೋಪ ಬಂದಾಗ. ಇದು ಯಾವುದೆಂದು ಅವನಿಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ನಲವತ್ತಮೂರನೆಯ ಚೌಕಟ್ಟಿನಲ್ಲಿ ಏನಿದೆ ಎಂಬುದು ಮಾತ್ರ ಮರುದಿನ ಬೆಳಿಗ್ಗೆ ಗಾಡಿಗೆ ಹೇರುವಾಗ ಗೊತ್ತಾಯಿತು: ಪುಸ್ತಕದ ಆ ನಾಲ್ಕು ಬರಹಗಳ ನಕಲು, ಕೆಂಪು ತಿದ್ದುಪಡಿ ಸಮೇತ. ಕೆಳಗೆ ಚೀಟಿ: ‘ಆರಂಭಿಕರ ವಿಭಾಗ, ಹಿರಾಯ್ ಯೊಶಿಹಾರು, ಅರವತ್ತೆರಡು ವರ್ಷ.’

ಅವನು ಗಾಡಿ ತಳ್ಳಿದ. ಸ್ಟೇಷನ್ನಿನ ಮುಂದೆ ಹುಡುಗಿಯರ ಗುಂಪು ನೆರೆದು ಫೋಟೋ ತೆಗೆಯುತ್ತಿತ್ತು. ಸೂರಿನ ಮೇಲೆ, ಕೊರಳಿಗೆ ಕೆಂಪು ವಸ್ತ್ರ (ದಾಳಿಂಬೆ ಬಣ್ಣದ್ದಲ್ಲ), ಕಾಲ ಬಳಿ ಹೂಗುಚ್ಛ, ಹೆಬ್ಬೆರಳಿಲ್ಲದ ಕೈಯನ್ನು ಸೊಂಟದ ಮೇಲಿಟ್ಟು ನಾಲ್ಕನೆಯವನು ನಿಂತಿದ್ದ. ಗಾಳಿ ಬೀಸಿತು. ಅವನು ಅಲುಗಲಿಲ್ಲ.

ಯೊಶಿಹಾರುವಿನ ತಲೆ ತನ್ನಷ್ಟಕ್ಕೆ ತಾನೇ ಬಾಗಿತು.

“ಬಾಗಿದ್ದು ಸಾಕು, ಅಪ್ಪ,” ಎಂದಳು ಹಿಂದಿನಿಂದ ಚಿಜುರು. “ತಳ್ಳಿ.”