ನಾನು ಮೋತಮದ್ ಆಗಲು ಹೊರಟದ್ದು

ಪದವಿಗೆ ವಿಷಯ ಆರಿಸಿಕೊಳ್ಳುವಾಗ ಮನುಷ್ಯ ಬುದ್ಧಿಯನ್ನು ಬಳಸುತ್ತಾನೆ ಎಂದು ನಂಬಿದವರು ಬಹಳ ಜನ ಇದ್ದಾರೆ. ಅವರ ನಂಬಿಕೆ ಕೆಡಿಸುವ ಇಚ್ಛೆ ನನಗಿಲ್ಲ. ನಾನು ಮಾತ್ರ ಬಳಸಿದ್ದು ಹೆದರಿಕೆಯನ್ನು. ಉದಗೀರದ ಪೇಟೆಯಲ್ಲಿ ತಲೆಮಾರುಗಳಿಂದ ಬಟ್ಟೆ ಮಾರುವ ಮನೆತನದಲ್ಲಿ ಹುಟ್ಟಿಯೂ ನನಗೆ ಲೆಕ್ಕವೆಂದರೆ ಜ್ವರ ಬರುತ್ತಿತ್ತು. ಗಜ ಹಿಡಿದು ಒಂದೇ ಬಟ್ಟೆಯನ್ನು ಎರಡು ಸಲ ಅಳೆದರೆ ಎರಡು ಅಳತೆ ಬರುತ್ತಿದ್ದವು. ಗಿರಾಕಿಗಳು ತಮಗೆ ಅನುಕೂಲವಾದದ್ದನ್ನು ನಂಬುತ್ತಿದ್ದರು. ಇವನನ್ನು ಅಂಗಡಿಯಲ್ಲಿ ಕೂರಿಸುವುದಕ್ಕಿಂತ ಓದಿಸುವುದೇ ಅಗ್ಗ ಎಂದು ನಮ್ಮಪ್ಪ ಗುರುಬಸಪ್ಪನವರಿಗೆ ಹೊಳೆಯಿತು. ನಿಜಾಮರ ಆಳ್ವಿಕೆ ಕೊನೆಗೊಂಡ ಪೊಲೀಸ್ ಆಕ್ಷನ್ ಮುಗಿದು ಮೂರು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು ಕಲಿತವನನ್ನು ಅವರು ಇಂಗ್ಲಿಷಿನಲ್ಲಿ ವ್ಯಾಪಾರ ಕಲಿಯಲೆಂದು ಹೈದರಾಬಾದಿನ ಗಾಡಿ ಹತ್ತಿಸಿದರು.

ಬಿ.ಕಾಂ.ನಲ್ಲಿ ಒಂದು ವಿಶೇಷ ವಿಷಯ ಆರಿಸಿಕೊಳ್ಳಬೇಕಿತ್ತು. ಬ್ಯಾಂಕಿಂಗ್ ತೆಗೆದುಕೊಂಡರೆ ಬ್ಯಾಂಕಿನ ಕೆಲಸ, ಆಡಿಟಿಂಗ್ ತೆಗೆದುಕೊಂಡರೆ ಆಡಿಟರ್ ಕೆಲಸ ಎಂದು ನಮ್ಮ ಪ್ರಾಧ್ಯಾಪಕರು ವಿವರಿಸಿದರು. ಮೊದಲನೆಯದರಲ್ಲಿ ನನ್ನ ಲೆಕ್ಕ ತಪ್ಪುತ್ತಿತ್ತು, ಎರಡನೆಯದರಲ್ಲಿ ಊರವರ ಲೆಕ್ಕವೆಲ್ಲ ತಪ್ಪುತ್ತಿತ್ತು. ಉಳಿದದ್ದು ಸೆಕ್ರೆಟೇರಿಯಲ್ ಪ್ರಾಕ್ಟೀಸ್. ಅದರಲ್ಲಿ ಟೈಪಿಂಗ್, ಶೀಘ್ರಲಿಪಿ, ಪತ್ರವ್ಯವಹಾರ. ಕೂಡುವುದು ಕಳೆಯುವುದು ಇಲ್ಲ. ಅರ್ಜಿ ತುಂಬಿ ಕೊಟ್ಟು, ಅಂದೇ ಅಪ್ಪನಿಗೆ ಪತ್ರ ಹಾಕಿದೆ. "ಸೆಕ್ರೆಟೇರಿಯಲ್ ವಿಷಯ ತೆಗೆದುಕೊಂಡಿದ್ದೇನೆ" ಎಂದು ಒಂದೇ ಸಾಲಿನಲ್ಲಿ ಬರೆದದ್ದು ನನ್ನ ತಪ್ಪು. ಎರಡು ಸಾಲು ಬರೆದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಅಪ್ಪನಿಗೆ ಇಂಗ್ಲಿಷ್ ಬಾರದು. ಪತ್ರ ಹಿಡಿದುಕೊಂಡು ಹೋಗಿ ಪೇಟೆಯ ಒಬ್ಬ ಹಳೆಯ ವಕೀಲರನ್ನು ಸೆಕ್ರೆಟರಿ ಎಂದರೇನು ಎಂದು ಕೇಳಿದರು. ನಿಜಾಮರ ಕಾಲದಲ್ಲಿ ಸರ್ಕಾರದ ದೊಡ್ಡ ದೊಡ್ಡ ಖಾತೆಗಳನ್ನು ನಡೆಸುತ್ತಿದ್ದ ಮೋತಮದ್ ಸಾಹೇಬರಿಗೇ ಇಂಗ್ಲಿಷಿನಲ್ಲಿ ಸೆಕ್ರೆಟರಿ ಅನ್ನುತ್ತಾರೆ ಎಂದು ವಕೀಲರು ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಂಜೆಯೊಳಗೆ ಗುರುಬಸಪ್ಪನವರ ಮಗ ಮೋತಮದ್ ಆಗುತ್ತಾನೆಂದು ಪೇಟೆಗೆಲ್ಲ ಗೊತ್ತಾಯಿತು.

ಬೇಸಗೆ ಸೂಟಿಗೆ ಊರಿಗೆ ಬಂದಾಗ ಪೇಟೆಯ ಜನ ಎದ್ದು ನಿಂತು ನಮಸ್ಕಾರ ಮಾಡತೊಡಗಿದರು. ಮೊದಮೊದಲು ನನ್ನ ಹಿಂದೆ ಯಾರೋ ಬರುತ್ತಿದ್ದಾರೆಂದು ತಿರುಗಿ ನೋಡಿದೆ. ಮರುದಿನ ವಲಾಂಡಿಯ ರೈತರೊಬ್ಬರು ಅಂಗಡಿಗೆ ಬಂದು ನನ್ನ ಕೈಯಲ್ಲಿ ಅರ್ಜಿ ಇಟ್ಟರು.

"ನಮ್ಮೂರಿಗಿ ಬಸ್ ಬರಂಗ ಮಾಡ್ರಿ ಸಾಹೇಬ್ರ. ನಡದು ನಡದು ಸಾಕಾಗ್ಯಾದ."

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಆಗ್ತದ, ಆಗ್ತದ. ಅಂವಾ ನೋಡ್ತಾನ" ಅಂದರು. ಅಪ್ಪನ ಮುಖದ ಮೇಲಿನ ಸಂತೋಷ ನೋಡಿ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅರ್ಜಿಯನ್ನು ಪೆಟ್ಟಿಗೆಯ ತಳದಲ್ಲಿಟ್ಟೆ. ದುರದೃಷ್ಟವೆಂದರೆ, ಒಂದು ತಿಂಗಳಲ್ಲಿ ವಲಾಂಡಿಗೆ ನಿಜವಾಗಿಯೂ ಬಸ್ಸು ಶುರುವಾಯಿತು. ಆಮೇಲೆ ಇಲ್ಲವೆಂದರೂ ನಂಬುವವರು ಯಾರು? ವಿನಯ ಹೆಚ್ಚೆಂದು ಇನ್ನಷ್ಟು ಹೊಗಳಿದರು.

ಈ ಬಸ್ಸಿನ ಸುದ್ದಿ ನಿಲಂಗಾ ಮುಟ್ಟಿತು. ಅಲ್ಲಿಯ ಕಾಳಿನ ವ್ಯಾಪಾರಿ ವೀರಭದ್ರಪ್ಪನವರು ತಮ್ಮ ಮಗಳು ಶಾಂತಾಬಾಯಿಯನ್ನು ನೋಡಲು ನಮ್ಮನ್ನು ಕರೆದರು. ಅಪ್ಪ ಹೊಸ ರುಮಾಲು ಸುತ್ತಿಕೊಂಡು ಹೊರಟರು. ಚುರುಮುರಿ ಸುಸಲಾ, ಚಹ ಬಂದವು. ಶಾಂತಾಬಾಯಿ ಬಂದು ನಮಸ್ಕಾರ ಮಾಡಿ ಒಳಗೆ ಹೋಗಿ, ಬಾಗಿಲ ಮರೆಯಲ್ಲಿ ತನ್ನ ಸೋದರತ್ತೆಯ ಪಕ್ಕದಲ್ಲಿ ನಿಂತಳು.

"ಮೋತಮದ್ ಆಗ್ಲಿಕ್ಕ ಇನ್ನಾ ಎಷ್ಟ ವರ್ಷ ಬೇಕ್ರಿ?" ವೀರಭದ್ರಪ್ಪನವರು ಕೇಳಿದರು.

"ಬಿ.ಕಾಂ. ಮುಗಿಯೂದೇ ತಡರಿ. ಖುರ್ಚಿ ತಯಾರ ಅದ," ಅಂದರು ಅಪ್ಪ.

ಬಾಗಿಲ ಸಂದಿಯಿಂದ ಶಾಂತಾಬಾಯಿ ನನ್ನನ್ನು ನೋಡುತ್ತಿದ್ದಳು, ದೊಡ್ಡ ಅಧಿಕಾರಿಯನ್ನು ನೋಡುವ ಹಾಗೆ. ಬಸ್ಸಿನ ರೈತರು ಹಾಗೆ ನೋಡಿದರೆ ಸಹಿಸಬಹುದು. ಒಂದೇ ಮನೆಯಲ್ಲಿ ಜೀವಮಾನವಿಡೀ ಹಾಗೆ ನೋಡಿಸಿಕೊಳ್ಳುವುದು ಹೇಗೆ?

"ಇಲ್ಲರಿ," ಅಂದೆ. "ಮೋತಮದ್ ಆಗಲ್ಲರಿ. ನಾ ಕಲೀಲತ್ತಿದ್ದು ಟೈಪ್ ಮಾಡೂದು. ಸಾಹೇಬ್ರು ಹೇಳ್ತಾರ, ನಾ ಮಶಿನ್ ಮ್ಯಾಗ ಟಕಟಕ ಬಡೀತೀನಿ. ವಲಾಂಡಿ ಬಸ್ಸಿಗೂ ನನಗೂ ಸಂಬಂಧ ಇಲ್ಲರಿ."

ಅಪ್ಪನ ಬಾಯಿಗೆ ಹೋಗುತ್ತಿದ್ದ ಚಹದ ಬಸಿ ಅಲ್ಲೇ ನಿಂತಿತು. ಬಾಗಿಲ ಹಿಂದಿನಿಂದ ಶಾಂತಾಬಾಯಿಯ ದನಿ ಬಂತು.

"ಉರ್ದುದಾಗ ಬಡೀತಾರೇನು, ಇಂಗ್ಲಿಷನಾಗ?"

"ಸುಮ್ಮ ಕೂಡ!" ಎಂದು ಸೋದರತ್ತೆ ಗದರಿದಳು.

"ಇಂಗ್ಲಿಷನಾಗ," ಅಂದೆ.

"ಯಾಕವ್ವಾ ಕೇಳ್ದಿ?" ವೀರಭದ್ರಪ್ಪನವರು ಮಗಳತ್ತ ತಿರುಗಿದರು.

"ಉರ್ದು ಇದ್ರ ಇನ್ನ ಮ್ಯಾಲ ನೌಕರಿ ಎಲ್ಲಿ ಸಿಗ್ತದ? ಅದಕ್ಕ ಕೇಳ್ದೆ."

ಅಲ್ಲಿಯ ತನಕ ನಮ್ಮ ಕಾಲೇಜಿನಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ವಿಚಾರ ಮಾಡಿದ್ದನ್ನು ನಾನು ಕೇಳಿರಲಿಲ್ಲ. ವೀರಭದ್ರಪ್ಪನವರು ತೊಡೆ ತಟ್ಟಿಕೊಂಡು ನಕ್ಕರು. "ಆಕೀಗಿ ಪಸಂದ ಬಂದದ. ಇನ್ನ ನಾವ್ಯಾರು?" ಅಂದರು.

ಮದುವೆ ಗಟ್ಟಿಯಾಯಿತು. ಆದರೆ ಅಪ್ಪ ನಿಲಂಗಾದಿಂದ ಉದಗೀರದ ತನಕ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಅವರು ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಪೇಟೆಯಲ್ಲಿ ಯಾರಾದರೂ ಕೇಳಿದರೆ, "ಓದಲತ್ತಾನ" ಎಂದಷ್ಟೇ ಹೇಳಿ ಬಟ್ಟೆ ಮಡಿಸುತ್ತ ಕೂರುತ್ತಿದ್ದರಂತೆ. ಮುಂದೆ ನನಗೆ ಉಮರ್ಗಾದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ನಮ್ಮ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿ, ಕಾಗದಗಳು ಒಂದೊಂದಾಗಿ ಮರಾಠಿಗೆ ತಿರುಗಿದವು. ಶಾಂತಾ ಮೊದಲೇ ಎಚ್ಚರಿಸಿದ್ದರಿಂದ ಆ ಟೈಪನ್ನೂ ಕಲಿತು ಕೆಲಸ ಉಳಿಸಿಕೊಂಡೆ. ಮನೆ ಸಣ್ಣದು, ಸುಖ ಸಾಕಷ್ಟು. ಅಪ್ಪ ಮಾತ್ರ ವರ್ಷಗಟ್ಟಲೆ ಉಮರ್ಗಾಕ್ಕೆ ಬರಲೇ ಇಲ್ಲ. ಹಬ್ಬಕ್ಕೆ ಕರೆದರೆ, "ಅಂಗಡಿ ಯಾರ ನೋಡ್ಬೇಕು?" ಅನ್ನುತ್ತಿದ್ದರು.

ಒಂದು ದಿನ ಮಧ್ಯಾಹ್ನ ಟೈಪ್ ಮಾಡುತ್ತಿದ್ದವನು ತಲೆಯೆತ್ತಿದರೆ, ಕಚೇರಿಯ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಕಂಕುಳಲ್ಲಿ ಸೊಸೆಗೆ ತಂದ ಸೀರೆಯ ಗಂಟು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಮೆಲ್ಲಗೆ ಒಳಗೆ ಬಂದು, ಮಲಗಿದ ಹೋರಿಯನ್ನು ನೋಡುವವರಂತೆ ಮಶಿನನ್ನು ಸುತ್ತಲೂ ನೋಡಿದರು.

"ಇದೇ ಏನು?"

"ಹೂಂ ಅಪ್ಪಾ."

"ಭಾಳ ಜಲ್ದಿ ಬಡೀತಿ. ಕೀಲಿ ನೋಡೂದೇ ಇಲ್ಲಲ್ಲೋ!"

"ರೂಢಿ ಆಗ್ಯಾದಪ್ಪಾ."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ನನ್ನ ಹೆಸರ ಬರಿ ನೋಡಮಾ."

ಹೊಸ ಕಾಗದ ಏರಿಸಿ, ಅಪ್ಪನ ಮುಖವನ್ನೇ ನೋಡುತ್ತ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅವರ ಹೆಸರನ್ನು ಬಡಿದುಕೊಟ್ಟೆ. ಕಣ್ಣು ಒದ್ದೆಯಾಗಿದ್ದವು, ಯಾರ ಕಣ್ಣೆಂದು ಹೇಳುವುದಿಲ್ಲ. ಅಪ್ಪ ಕಾಗದವನ್ನು ಮಡಿಸದೆ ಸೀರೆಯ ಪದರಿನಲ್ಲಿ ಇಟ್ಟುಕೊಂಡರು.

ಮುಂದಿನ ತಿಂಗಳು ಉದಗೀರಕ್ಕೆ ಹೋದರೆ ಅದು ಗಾಜಿನ ಚೌಕಟ್ಟಿನಲ್ಲಿ ಅಂಗಡಿಯ ಗಾದಿಯ ಮೇಲೆ ತೂಗುತ್ತಿತ್ತು. "ನಮ್ಮ ಪೋರ ಕೀಲಿ ನೋಡಲಾರದೆ ಬಡದಾನ" ಎಂದು ಅಪ್ಪ ಗಿರಾಕಿಗಳಿಗೆ ಹೇಳುತ್ತಿದ್ದರು. ನಿಜವೇ. ನೋಡಿದ್ದರೆ ಬಿ ಬೀಳಬೇಕಾದಲ್ಲಿ ಪಕ್ಕದ ವಿ ಬೀಳುತ್ತಿರಲಿಲ್ಲ. ಗುರುವಸಪ್ಪ ಎಂಬ ಆ ಹೆಸರು ಈಗಲೂ ಅಲ್ಲೇ ಇದೆ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಕಲಿಸುವ ಉತ್ಸಾಹ ನನಗೂ ಇಲ್ಲ.